ಯಂತ್ರದ ಹಿಂದಿನ ಕೈ

ಕಳೆದ ಕಾರ್ತಿಕ ಮಾಸದಲ್ಲಿ ಬೇಲೂರಿನ ನಮ್ಮ ಚಿಕಿತ್ಸಾಲಯಕ್ಕೆ ಸದ್ಭಕ್ತರೊಬ್ಬರು ಬಂದಿದ್ದರು. ಪಿತ್ತಕೋಶದ ಕಲ್ಲಿನಿಂದ ಅವರಿಗೆ ಪದೇ ಪದೇ ನೋವು. “ರೋಬಾಟ್ ಕೊಯ್ದರೆ ತಪ್ಪೇ ಆಗುವುದಿಲ್ಲವಂತೆ. ಕಾಫಿ ತೋಟ ಅಡವಿಟ್ಟಾದರೂ ಬೆಂಗಳೂರಿಗೆ ಹೋಗುತ್ತೇನೆ, ಹಣ ಒದಗುವವರೆಗೆ ಕಷಾಯ ಕೊಡಿ” ಎಂದರು. ಅವರಿಗೆ ಹೇಳಿದ ಮಾತುಗಳನ್ನೇ ಇಲ್ಲಿ ಬರೆಯುತ್ತಿದ್ದೇವೆ.

ರೋಬಾಟ್ ತಾನಾಗಿ ಕೊಯ್ಯುವುದಿಲ್ಲ. ಶಸ್ತ್ರವೈದ್ಯರು ಕೆಲವು ಅಡಿ ದೂರದಲ್ಲಿ ಕುಳಿತು, ಹಿಗ್ಗಿಸಿದ ದೃಶ್ಯವನ್ನು ನೋಡುತ್ತ ಬೆರಳಾಡಿಸುತ್ತಾರೆ. ಸಣ್ಣ ರಂಧ್ರಗಳ ಮೂಲಕ ರೋಗಿಯ ದೇಹವನ್ನು ಸೇರಿದ ಉಪಕರಣಗಳು ಅದನ್ನೇ ಅನುಸರಿಸುತ್ತವೆ. 2001ರಲ್ಲಿ ನ್ಯೂಯಾರ್ಕಿನಲ್ಲಿ ಕುಳಿತ ವೈದ್ಯರು, ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಮಲಗಿದ್ದ ಮಹಿಳೆಯ ಪಿತ್ತಕೋಶವನ್ನು ಹೀಗೆಯೇ ತೆಗೆದರು. ಸಾಗರದಾಚೆಯಿಂದಲೂ ಕೆಲಸ ಮಾಡಿದ್ದು ವೈದ್ಯರ ಕೈಯೇ.

ಇದರ ಗುಣಗಳು ನಿಜವಾದವು. ಕೈನಡುಕವನ್ನು ಯಂತ್ರವು ಸೋಸುತ್ತದೆ. ಉಪಕರಣದ ತುದಿ ಮಣಿಕಟ್ಟಿನಂತೆ ತಿರುಗುತ್ತದೆ. ಕಿಬ್ಬೊಟ್ಟೆಯ ಆಳದಲ್ಲಿರುವ ಪ್ರಾಸ್ಟೇಟ್ ಗ್ರಂಥಿಯಂತಹ ಇಕ್ಕಟ್ಟಿನ ಸ್ಥಳದಲ್ಲಿ ಇದು ದೊಡ್ಡ ಅನುಕೂಲ. ಆದರೆ ಬಹುತೇಕ ಯಂತ್ರಗಳಲ್ಲಿ ವೈದ್ಯರಿಗೆ ಸ್ಪರ್ಶದ ಅರಿವು ದೊರೆಯುವುದಿಲ್ಲ, ವೆಚ್ಚವೂ ಅಧಿಕ.

ಪಿತ್ತಕೋಶದ ವಿಷಯ ಬೇರೆ. ಮುಂಬಯಿಯ ಡಾ. ತೆಹೆಮ್ಟನ್ ಉದ್ವಾಡಿಯಾ ಅವರು 1990ರಲ್ಲಿ ನಮ್ಮ ದೇಶದಲ್ಲಿ ಆರಂಭಿಸಿದ ಲ್ಯಾಪರೊಸ್ಕೋಪಿಕ್ ವಿಧಾನ ಇಂದು ಹಾಸನದಂತಹ ಜಿಲ್ಲಾ ಕೇಂದ್ರಗಳಲ್ಲಿಯೂ ರೂಢಿಯಲ್ಲಿದೆ. ಅಮೆರಿಕದ ಹತ್ತು ಲಕ್ಷಕ್ಕೂ ಹೆಚ್ಚು ಹಿರಿಯ ರೋಗಿಗಳನ್ನು ಕುರಿತು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದುರಸ್ತಿ ಬೇಕಾಗುವಷ್ಟು ಪಿತ್ತನಾಳದ ಗಾಯ ಲ್ಯಾಪರೊಸ್ಕೋಪಿಯಲ್ಲಿ ಶೇ. 0.2, ರೋಬಾಟ್ ವಿಧಾನದಲ್ಲಿ ಶೇ. 0.7 ಕಂಡುಬಂದಿತು. ಎರಡೂ ಅಲ್ಪವೇ, ಆದರೆ ಹೆಚ್ಚು ಬೆಲೆಯ ಯಂತ್ರವೇ ಹೆಚ್ಚು ಸುರಕ್ಷಿತವೆಂಬ ನಂಬಿಕೆಗೆ ಇಲ್ಲಿ ಆಧಾರವಿಲ್ಲ.

ಸುಶ್ರುತರು 101 ಯಂತ್ರಗಳನ್ನು ಎಣಿಸಿ, ಅವುಗಳಲ್ಲಿ ಕೈಯನ್ನೇ ಪ್ರಧಾನವೆಂದರು. ಆದ್ದರಿಂದ ಯಂತ್ರದ ಹೆಸರನ್ನಲ್ಲ, ವೈದ್ಯರ ಅನುಭವವನ್ನು ವಿಚಾರಿಸಬೇಕು: ಇಂತಹ ಶಸ್ತ್ರಚಿಕಿತ್ಸೆಯನ್ನು ಎಷ್ಟು ಮಾಡಿದ್ದೀರಿ? ನನ್ನ ರೋಗಕ್ಕೆ ರೋಬಾಟಿನಿಂದ ಯಾವ ಹೆಚ್ಚಿನ ಪ್ರಯೋಜನ? ಒಟ್ಟು ವೆಚ್ಚವೆಷ್ಟು?

ಕಷಾಯದ ಮಾತನ್ನೂ ಮರೆಮಾಚದೆ ಹೇಳಬೇಕು. ಆಯುರ್ವೇದವೇ ನಮ್ಮ ವೃತ್ತಿ. ಆದರೂ ಗಟ್ಟಿಯಾದ ಪಿತ್ತಕಲ್ಲನ್ನು ನಮ್ಮ ಕಷಾಯ ಕರಗಿಸುತ್ತದೆಂದು ನಾವು ಭರವಸೆ ಕೊಡಲಾರೆವು. ನೋವಿನೊಡನೆ ಜ್ವರವೋ ಕಾಮಾಲೆಯೋ ಕಂಡರೆ ಒಂದು ದಿನವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಆ ಭಕ್ತರು ಮರುವಾರ ಹಾಸನದಲ್ಲಿಯೇ ಲ್ಯಾಪರೊಸ್ಕೋಪಿಕ್ ಚಿಕಿತ್ಸೆ ಪಡೆದು ಮನೆಗೆ ಮರಳಿದರು. ತೋಟವೂ ಉಳಿಯಿತು.