ಏಳು ಸಾವಿರದ ಆಸೆ

ಹನ್ನೊಂದು ತಿಂಗಳ ಕರಾರು ಮುಗಿಯಲು ಬಂತೆಂದರೆ ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಒಂದೇ ಮಾತು: ಇಲ್ಲೇ ಇರೋದಾ, ಬಿಡೋದಾ? ಒಂದು ವರ್ಷ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿ ಕಡ್ಡಾಯ. ಆ ಖರ್ಚು, ಓಡಾಟ ಯಾರಿಗೂ ಬೇಡವಾದ್ದರಿಂದಲೇ ಈ ಹನ್ನೊಂದರ ಲೆಕ್ಕ. ಮಾಲೀಕರು ಐದೋ ಹತ್ತೋ ಪರ್ಸೆಂಟ್ ಏರಿಸುತ್ತಾರೆ. ಬಾಡಿಗೆಯವರು ರಾತ್ರಿ ಮೊಬೈಲಿನಲ್ಲಿ ಕೆಂಗೇರಿ ಕಡೆ ಮನೆ ಹುಡುಕುತ್ತಾರೆ.

ವಿಜಯನಗರದಲ್ಲಿ 22,000 ಕಟ್ಟುವ ಸಂಸಾರಕ್ಕೆ ಕೆಂಗೇರಿಯಾಚೆ 15,000ಕ್ಕೆ ಅಷ್ಟೇ ದೊಡ್ಡ ಮನೆ ಸಿಕ್ಕಿತು ಅಂತಿಟ್ಟುಕೊಳ್ಳಿ. ತಿಂಗಳಿಗೆ 7,000 ಉಳಿತಾಯ. ಆದರೆ ಬಿಡುವ ಮನೆಯ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಇಲ್ಲಿನ ವಾಡಿಕೆ: 22,000. ಬ್ರೋಕರ್‌ಗೆ ಹೊಸ ಮನೆಯ ಒಂದು ತಿಂಗಳದ್ದು: 15,000. ಸಾಮಾನು ಸಾಗಿಸುವುದು, ಗೀಸರ್, ಫ್ಯಾನ್ ಬಿಚ್ಚಿ ಹಾಕಿಸುವುದು ಸೇರಿ 12,000 ಎಂದರೂ ಒಟ್ಟು 49,000. ಮೊದಲ ಏಳು ತಿಂಗಳ ಉಳಿತಾಯ ಅಲ್ಲಿಗೆ ಮುಗಿಯಿತು. ಹನ್ನೊಂದನೇ ತಿಂಗಳಿಗೆ ಹೊಸ ಮಾಲೀಕರೂ ಬಾಡಿಗೆ ಏರಿಸುತ್ತಾರೆ.

ಇದಕ್ಕಿಂತ ಕಷ್ಟದ್ದು ಅಡ್ವಾನ್ಸು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆ ಮೀರಬಾರದು ಎಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ಹೆಸರೇ ಹೇಳುವಂತೆ ಅದು ಮಾದರಿ. ಹತ್ತು ತಿಂಗಳದ್ದು ಕೇಳುವ ಹಳೇ ಮಾಲೀಕರು ಈಗಲೂ ಇದ್ದಾರೆ. ಹೊಸ ಮನೆಗೆ ಮೊದಲೇ ಎಣಿಸಬೇಕು, ಹಳೆಯದು ಬರುವುದು ಕೀಲಿ ಕೊಟ್ಟ ಮೇಲೆ, ಒಮ್ಮೊಮ್ಮೆ ಬೇರೆಯವರು ಬಂದ ಮೇಲೆ. ನಡುವಿನ ಆ ಕೆಲವು ವಾರಗಳಿಗಾಗಿ ಬಳೆ ಅಡವಿಡುವವರಿದ್ದಾರೆ. ಅದರ ಬಡ್ಡಿಯನ್ನು ಲೆಕ್ಕಕ್ಕೆ ಸೇರಿಸುವವರು ಕಡಿಮೆ.

ಮೆಟ್ರೊ 2021ರಲ್ಲಿ ಕೆಂಗೇರಿಗೆ, 2023ರಲ್ಲಿ ಚಲ್ಲಘಟ್ಟಕ್ಕೆ ಬಂದಿದ್ದು ಈ ಕಡೆಯವರಿಗೆ ಅನುಕೂಲವೇ. ಆದರೆ 2025ರ ಫೆಬ್ರುವರಿಯಲ್ಲಿ ಅದರ ದರ ಏರಿತು, ಶಕ್ತಿ ಯೋಜನೆಯ ಉಚಿತ ಪ್ರಯಾಣ ಬಸ್ಸಿಗಷ್ಟೇ. ಕರೆಂಟಿಗೆ ಪ್ರತ್ಯೇಕ ಮೀಟರ್ ಇದೆಯೇ ನೋಡಿ. ಇಲ್ಲದಿದ್ದರೆ ಗೃಹಜ್ಯೋತಿಯೂ ಇಲ್ಲ. ನೀರಿನ ಸಂಗತಿಯನ್ನಂತೂ ಮಾಲೀಕರನ್ನಲ್ಲ, ಕೆಳಗಿನ ಮನೆಯವರನ್ನು ಕೇಳಬೇಕು: ‘2024ರ ಬೇಸಿಗೆಯಲ್ಲಿ ಏನು ಮಾಡಿದ್ರಿ?’ ಟ್ಯಾಂಕರ್ ಎಂದರೆ, ಅದರ ದುಡ್ಡು ಯಾರ ತಲೆಗೆ ಎಂಬುದನ್ನೂ ಕೇಳಿ.

ನನ್ನ ಮಟ್ಟಿಗೆ, ಈ ಲೆಕ್ಕದ ಚೀಟಿಯನ್ನು ಬ್ರೋಕರ್‌ಗಿಂತ ಮೊದಲು ಈಗಿನ ಮಾಲೀಕರ ಮುಂದಿಡುವುದೇ ಜಾಣತನ. ನೀವು ಬಿಟ್ಟರೆ ಅವರಿಗೂ ಒಂದೆರಡು ತಿಂಗಳ ಬಾಡಿಗೆ ಖೋತಾ. ಆಷಾಢದಲ್ಲಂತೂ ಹಾಲು ಉಕ್ಕಿಸಲು ಹೆಚ್ಚಿನವರು ಒಪ್ಪುವುದಿಲ್ಲ, ಖಾಲಿ ಬಿದ್ದ ಮನೆ ಶ್ರಾವಣದವರೆಗೂ ಖಾಲಿಯೇ. ‘ಅಂಕಲ್, ಈ ವರ್ಷ ಏರಿಸೋದು ಬೇಡ’ ಎಂದು ಕೇಳಲು ಅದಕ್ಕಿಂತ ಒಳ್ಳೆಯ ತಿಂಗಳಿಲ್ಲ. ಅವರು ಒಪ್ಪದಿದ್ದರೆ, ಕೆಂಗೇರಿಯ ಖಾಲಿ ಮನೆಯ ಮಾಲೀಕರೂ ಆಗ ಚೌಕಾಸಿಗೆ ಸಿದ್ಧರಿರುತ್ತಾರೆ.