ಬಾಕ್ಸಿಗೆ ತುಂಬದ ಬೆಳೆಗೊಂದು ಸಂಜೆಯ ಸಂತೆ

ಕೋಲಾರ ಜಿಲ್ಲೆಯ ರೈತ ಸುದ್ದಿಯಾಗುವುದು ಹೆಚ್ಚಾಗಿ ಟೊಮೆಟೊ ಮತ್ತು ಮಾವಿನಿಂದ. 2023ರ ಜುಲೈಯಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿದಾಗ ದೇಶವೇ ಇತ್ತ ನೋಡಿತು. ಅದೇ ಟೊಮೆಟೊ ಕೀಳುವ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಬಿದ್ದ ವರ್ಷಗಳೂ ಉಂಟು. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಗೆ ಗಡಿ ಮುಚ್ಚಿತು. ಅಲ್ಲಿನ ತಿರುಳು ಕಾರ್ಖಾನೆಗಳನ್ನೇ ನಂಬಿದ್ದ ಇಲ್ಲಿನ ಬೆಳೆಗಾರರು ಬೀದಿಗಿಳಿದರು. ಇಂಥ ಪ್ರತಿ ಸಂಕಟದ ಬೆನ್ನಿಗೂ ಒಂದು ಸಲಹೆ ಬರುತ್ತದೆ: ಊರೂರಿಗೆ ರೈತ ಸಂತೆ ಮಾಡಿ, ದಲ್ಲಾಳಿ ಕಾಟ ತಪ್ಪುತ್ತದೆ. ಸಲಹೆ ಒಳ್ಳೆಯದೇ, ಆದರೆ ಬೆಳೆ ತಪ್ಪು. ಲಾರಿ ಲೆಕ್ಕದ ಮಾಲನ್ನು ಸಂತೆ ಹೊರಲಾರದು. ಮಂಡಿ ಕಣ್ಣೆತ್ತಿಯೂ ನೋಡದ ಚಿಲ್ಲರೆ ಫಸಲನ್ನು ಹೊರಬಲ್ಲದು, ಮತ್ತು ಅದಕ್ಕೆ ಯುಗಾದಿಯಿಂದ ಮೇ ನಡುವಿನವರೆಗಿನ ಬೇಸಿಗೆಯಷ್ಟು ತಕ್ಕ ಕಾಲ ಇನ್ನೊಂದಿಲ್ಲ.

ಕ್ಯಾಸಂಬಳ್ಳಿ ಹೋಬಳಿಯನ್ನೇ ತೆಗೆದುಕೊಳ್ಳಿ. ಮೈಸೂರಿನ ಮೊದಲ ಮುಖ್ಯಮಂತ್ರಿ ಕೆ. ಚೆಂಗಲರಾಯ ರೆಡ್ಡಿಯವರ ಇನಿಷಿಯಲ್‌ನಲ್ಲಿ ಉಳಿದಿರುವ ಊರಿದು. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ, ಸಾವಿರ ಅಡಿ ದಾಟಿದ ಕೊಳವೆಬಾವಿಯೇ ಗತಿ. ಬೇಸಿಗೆ ಏರಿದಂತೆ ನೀರು ಇಳಿಯುತ್ತದೆ, ಎಕರೆಗಟ್ಟಲೆ ತರಕಾರಿ ಹಾಕುವ ಧೈರ್ಯ ಕೆಲವರಿಗಷ್ಟೇ. ಉಳಿದವರ ಹೊಲದಲ್ಲಿ ಡ್ರಿಪ್ಪಿನ ನೀರು ಮುಟ್ಟುವಷ್ಟು ಜಾಗದಲ್ಲಿ ದಂಟು, ಮೆಂತ್ಯ, ಕೊತ್ತಂಬರಿ, ಒಂದು ಚಪ್ಪರ ಹೀರೆ, ಒಂದೆರಡು ಸಾಲು ಸೌತೆ. ನೀರೇ ಕೇಳದವೂ ಇವೆ: ಬದುವಿನ ಮರದ ಹೊಸ ಹುಣಸೆ, ನುಗ್ಗೆ, ಹಲಸು, ತಾಟಿನುಂಗು. ಏಪ್ರಿಲ್‌ನ ಗಾಳಿಮಳೆಗೆ ಉದುರುವ ಮಾವಿನಕಾಯಿಯೂ ಇದೇ ಲೆಕ್ಕಕ್ಕೆ ಬರುತ್ತದೆ. ಒಬ್ಬೊಬ್ಬರ ಬಳಿ ಇವೆಲ್ಲ ಇರುವುದು ಒಂದು ಕುಕ್ಕೆಯಷ್ಟು, ಹೆಚ್ಚೆಂದರೆ ಒಂದು ಮೂಟೆ. ಹರಾಜಿನ ಮುಂದೆ ಇಪ್ಪತ್ತು ಕಟ್ಟು ಸೊಪ್ಪಿಗೆ ಬೆಲೆಯಿಲ್ಲ. ಬಸ್ಸಿನ ಖರ್ಚು ಕಳೆದರೆ ಕೈಗೆ ಏನೂ ಹತ್ತುವುದಿಲ್ಲ. ಹಾಗಾಗಿ ಬಹಳಷ್ಟು ದನದ ಬಾಯಿಗೆ ಹೋಗುತ್ತದೆ, ಇಲ್ಲವೇ ಊರಿಗೆ ಬಂದ ವ್ಯಾಪಾರಿ ಕೇಳಿದ ರೇಟಿಗೆ.

ಆ ರೇಟು ಎಷ್ಟು ಕಡಿಮೆ ಇರಬಹುದು? ರಿಸರ್ವ್ ಬ್ಯಾಂಕ್ 2024ರಲ್ಲಿ ಹೊರತಂದ ಅಧ್ಯಯನ ಪ್ರಬಂಧಗಳ ಅಂದಾಜಿನಲ್ಲಿ, ಗ್ರಾಹಕ ಟೊಮೆಟೊಗೆ ಕೊಡುವ ಒಂದು ರೂಪಾಯಿಯಲ್ಲಿ ರೈತನಿಗೆ ದಕ್ಕುವುದು 33 ಪೈಸೆ, ಮಾವಿಗಾದರೆ 43 ಪೈಸೆ. ಇವು ದೊಡ್ಡ ಮಾರುಕಟ್ಟೆ, ದಿನದಿನದ ದರಪಟ್ಟಿ, ನೂರಾರು ಖರೀದಿದಾರರು ಇರುವ ಬೆಳೆಗಳ ಲೆಕ್ಕ. ದರಪಟ್ಟಿಯಲ್ಲಿ ಹೆಸರೇ ಇಲ್ಲದ ಚಿಲ್ಕರಿವೆ ಸೊಪ್ಪಿನ ಗತಿ ಇದಕ್ಕಿಂತ ಮೇಲಿರಲು ಕಾರಣ ಕಾಣುವುದಿಲ್ಲ. ಸೊಪ್ಪಿಗೆ ಇನ್ನೊಂದು ಕಷ್ಟವಿದೆ. ಕಿತ್ತ ಮೇಲೂ ಎಲೆ ಉಸಿರಾಡುತ್ತದೆ, ನೀರು ಕಳೆದುಕೊಳ್ಳುತ್ತದೆ. ಬಿಸಿಲು ಹೆಚ್ಚಿದಷ್ಟೂ ಈ ಕೆಲಸ ಚುರುಕು. ಮಧ್ಯೆ ಒಂದೊಂದು ಕೈ ಕಡಿಮೆಯಾದರೂ ಉಳಿಯುವುದು ಬರೀ ಕಮಿಷನ್ ಅಲ್ಲ, ಮಾಲೇ ಉಳಿಯುತ್ತದೆ.

ದಲ್ಲಾಳಿಯನ್ನು ಸಾರಾಸಗಟಾಗಿ ಖಳನಾಯಕ ಮಾಡುವುದೂ ಸರಿಯಲ್ಲ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಬೀಜ, ಗೊಬ್ಬರಕ್ಕೆ ಮುಂಗಡ ಕೊಡುವವನು ಅವನೇ. ಎಷ್ಟೋ ಮಾವಿನ ತೋಪುಗಳು ಹೂವಿನಲ್ಲಿದ್ದಾಗಲೇ ಗುತ್ತಿಗೆಗೆ ಹೋಗಿರುತ್ತವೆ. ರೈತ ಸಂತೆ ಸಾಲ ಕೊಡುವುದಿಲ್ಲ, ನೂರು ಬಾಕ್ಸು ಒಮ್ಮೆಗೇ ಎತ್ತುವುದೂ ಇಲ್ಲ. ಆ ವ್ಯವಹಾರಕ್ಕೆ ಮಂಡಿಯೇ ಇರಲಿ. ಆದರೆ ಅಂಗೈಯಗಲದ ಸೊಪ್ಪಿನ ಮಡಿಗೆ ಯಾರೂ ಮುಂಗಡ ಕೊಟ್ಟಿರುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ಅದನ್ನು ನೋಡಿಕೊಳ್ಳುವುದು ಹೆಂಗಸರು, ಅದರಿಂದ ಬರುವ ಚಿಲ್ಲರೆ ಕಾಸು ಅವರ ಕೈಯಲ್ಲೇ ಉಳಿಯುವ ಸಾಧ್ಯತೆಯೂ ಹೆಚ್ಚು.

ನೆರೆರಾಜ್ಯಗಳ ಅನುಭವ ಕಣ್ಣೆದುರಿಗಿದೆ. ಆಂಧ್ರದ ರೈತು ಬಜಾರ್ 1999ರ ಜನವರಿಯಲ್ಲಿ ಶುರುವಾಯಿತು, ತಮಿಳುನಾಡಿನ ಉಳವರ್ ಸಂದೈ ಅದೇ ವರ್ಷದ ನವೆಂಬರ್‌ನಲ್ಲಿ ಮದುರೆಯಲ್ಲಿ. ಎರಡೂ ಕಡೆ ರೈತರಿಗೆ ಗುರುತಿನ ಚೀಟಿ, ಸಗಟು ಮತ್ತು ಚಿಲ್ಲರೆ ದರಗಳ ನಡುವೆ ದಿನವೂ ಗೊತ್ತುಮಾಡುವ ಬೆಲೆ. ತಮಿಳುನಾಡಿನ ಸಂತೆಗಳು 2001ರಲ್ಲಿ ಸರ್ಕಾರ ಬದಲಾದ ಮೇಲೆ ಸೊರಗಿ, 2006ರಲ್ಲಿ ಹಳೆಯ ಪಕ್ಷ ಮರಳಿದ ಮೇಲೆ ಮತ್ತೆ ಚಿಗುರಿದವು. ನಮ್ಮಲ್ಲಿ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಹಾಪ್‌ಕಾಮ್ಸ್ ಇದೆಯಲ್ಲ ಎನ್ನಬಹುದು. ಅದು ರೈತರಿಂದ ಕೊಂಡು ತನ್ನ ಮಳಿಗೆಯಲ್ಲಿ ಮಾರುವ ಸಂಸ್ಥೆ. ಬೆಳೆದವರು ಮತ್ತು ತಿನ್ನುವವರು ಅಲ್ಲಿ ಮುಖಾಮುಖಿಯಾಗುವುದಿಲ್ಲ. ಲಾಲ್‌ಬಾಗಿನ ಮಾವು ಮೇಳದಲ್ಲಿ ಆಗುತ್ತಾರೆ, ಜನ ಸಾಲುಗಟ್ಟುತ್ತಾರೆ, ಆದರೆ ಅದು ವರ್ಷಕ್ಕೊಮ್ಮೆಯ ಸಡಗರ.

ಇನ್ನು ಕೊಳ್ಳುವವರ ಮಾತು. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕ್ಯಾಸಂಬಳ್ಳಿಗೆ ಹತ್ತಿರದ ಪಟ್ಟಣ ಕೆಜಿಎಫ್‌ನಲ್ಲಿ ಕಾಸೆಲ್ಲಿದೆ, ತಾಜಾ ಸೊಪ್ಪಿಗೆ ಹೆಚ್ಚು ಕೊಡುವವರು ಯಾರು ಎಂಬ ಆಕ್ಷೇಪವಿದೆ. ಹೆಚ್ಚು ಕೊಡಬೇಕಾಗಿಯೇ ಇಲ್ಲ. ಮಧ್ಯದವರ ಪಾಲಿನಲ್ಲಿ ಅರ್ಧ ಉಳಿದರೂ ಅದನ್ನು ಎರಡು ಕಡೆಗೂ ಹಂಚಬಹುದು. ನಿಜವಾದ ತೊಡಕು ಹೊತ್ತಿನದು. ಗಣಿ ಹೋದ ಮೇಲೆ ಸಾವಿರಾರು ಜನ ನಸುಕಿನಲ್ಲೇ ಮಾರಿಕುಪ್ಪಂ, ಚಾಂಪಿಯನ್, ಊರಗಾಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ಕತ್ತಲಾದ ಮೇಲೆ ಇಳಿಯುತ್ತಾರೆ. ಮದುರೆಯ ಮಾದರಿಯಲ್ಲಿ ಬೆಳಗಿನ ಸಂತೆ ನಡೆಸಿದರೆ ಅದು ಇವರನ್ನು ಮುಟ್ಟುವುದೇ ಇಲ್ಲ. ಇಲ್ಲಿಗೆ ಬೇಕಾದದ್ದು ನಿಲ್ದಾಣದ ಹತ್ತಿರ ಸಂಜೆ ಆರರಿಂದ ಒಂಬತ್ತರವರೆಗಿನ ಸಂತೆ: ದೀಪ, ನಲ್ಲಿ ನೀರು, ಸೀಲ್ ಹಾಕಿದ ತಕ್ಕಡಿ, ವಾಪಸು ಹೋಗಲು ಕೊನೆಯ ಬಸ್ಸು. ಬೇಸಿಗೆಗೆ ಇದೇ ಹೊಂದುತ್ತದೆ. ಬಿಸಿಲು ಇಳಿದ ಮೇಲೆ ಕಿತ್ತ ಸೊಪ್ಪು ಬಾಡುವ ಮೊದಲೇ ಮನೆ ಸೇರಿ ರಾತ್ರಿಯ ಬಸ್ಸಾರಾಗುತ್ತದೆ.

ಕೊನೆಯ ಆಕ್ಷೇಪ, ರೈತರ ವೇಷದಲ್ಲಿ ವ್ಯಾಪಾರಿಗಳೇ ಬಂದು ಕೂರುತ್ತಾರೆ ಎಂಬುದು. ಚೀಟಿ ಕೊಟ್ಟ ಕಡೆಯೂ ಈ ದೂರು ತಪ್ಪಿಲ್ಲ. ಬೇಸಿಗೆಯ ಮೊದಲ ತಿಂಗಳಲ್ಲಿ ಮಾತ್ರ ಹಣ್ಣೇ ಸಾಕ್ಷಿ ಹೇಳುತ್ತದೆ. ಕೋಲಾರದ ಮಾವು ತಡವಾಗಿ ಮಾಗುವ ಮಾವು, ಮೇ ನಡುವಿನ ಹೊತ್ತಿಗೆ ಕೈಗೆ ಬರುತ್ತದೆ. ಏಪ್ರಿಲ್ ಮೊದಲ ವಾರದಲ್ಲೇ ಹಳದಿ ಬಾದಾಮಿಯನ್ನು ಜೋಡಿಸಿಟ್ಟು ನಮ್ಮ ತೋಪಿನದು ಎಂದರೆ, ಅದು ಬೇರೆ ಸೀಮೆಯಿಂದ ಬಂದಿರಬೇಕು, ಇಲ್ಲವೇ ಕಾನೂನು ನಿಷೇಧಿಸಿರುವ ಕಾರ್ಬೈಡ್‌ನಲ್ಲಿ ಬಣ್ಣ ಕಟ್ಟಿರಬೇಕು. ಆ ತಿಂಗಳು ಈ ನೆಲದ ರೈತರ ಬಳಿ ಇರಬಹುದಾದದ್ದು ಉಪ್ಪಿನಕಾಯಿಗೆ, ಚಿತ್ರಾನ್ನಕ್ಕೆ ಒದಗುವ ಹುಳಿ ಕಾಯಿ ಮಾತ್ರ.