ತುಂಬಿದ ಎಲೆಯೊಳಗಿನ ಕೊರತೆ

16ನೆಯ ಶತಮಾನದ ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ಭತ್ತಕ್ಕೂ ರಾಗಿಗೂ ದೊಡ್ಡ ಜಗಳ. ತಮ್ಮಲ್ಲಿ ಶ್ರೇಷ್ಠರು ಯಾರೆಂಬ ವ್ಯಾಜ್ಯ ಶ್ರೀರಾಮನ ಮುಂದೆ ಬರುತ್ತದೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಲು ಅಪ್ಪಣೆಯಾಗುತ್ತದೆ. ಅವಧಿ ಮುಗಿಯುವ ವೇಳೆಗೆ ಭತ್ತ ಕೆಟ್ಟಿರುತ್ತದೆ, ರಾಗಿ ಗಟ್ಟಿಯಾಗಿಯೇ ಇರುತ್ತದೆ. ರಾಘವನ ಹೆಸರು ರಾಗಿಗೆ ಸಂದದ್ದು ಹೀಗೆ ಎನ್ನುತ್ತದೆ ಕಾವ್ಯ. ಭತ್ತ ಉಳ್ಳವರದು, ರಾಗಿ ಬಡವರದು ಎಂಬ ಭೇದಕ್ಕೆ ಕನಕದಾಸರು ಕೊಟ್ಟ ಉತ್ತರ ಇದು. ಆದರೆ ಕಾವ್ಯದ ತೀರ್ಪು ಊಟದ ಎಲೆಯ ಮೇಲೆ ಜಾರಿಯಾಗಲಿಲ್ಲ. ಬಿಳಿ ಅನ್ನ ಹಬ್ಬಕ್ಕೆ, ನೆಂಟರಿಗೆ. ಮುದ್ದೆ ದುಡಿಮೆಯ ದಿನಗಳಿಗೆ. ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮನೆ ಮೊದಲು ಬದಲಾಯಿಸಿದ್ದು ಧಾನ್ಯವನ್ನೇ.

ಈ ಬಿಳುಪಿನ ಬೆಲೆ ಏನೆಂಬುದು ವಿಜ್ಞಾನಕ್ಕೆ ಗೊತ್ತಾದದ್ದು ದೂರದ ಜಾವಾ ದ್ವೀಪದಲ್ಲಿ, ಅದೂ ಕೋಳಿಗಳಿಂದ. ಅಲ್ಲಿನ ಡಚ್ ವಸಾಹತಿನಲ್ಲಿ ಸೈನಿಕರು, ಕೈದಿಗಳು ಬೆರಿಬೆರಿ ರೋಗದಿಂದ ಸಾಯುತ್ತಿದ್ದರು. ಕಾಲು ಜೋಮುಗಟ್ಟಿ, ನಡಿಗೆ ತಪ್ಪಿ, ಕೊನೆಗೆ ಹೃದಯ ಸೋಲುವ ರೋಗ ಅದು. ಯಾವುದೋ ರೋಗಾಣುವಿನ ಕೆಲಸವಿರಬೇಕೆಂದು ಹುಡುಕುತ್ತಿದ್ದ ವೈದ್ಯ ಕ್ರಿಶ್ಚಿಯಾನ್ ಐಕ್‌ಮನ್ ಅವರ ಪ್ರಯೋಗಾಲಯದ ಕೋಳಿಗಳೂ 1890ರ ಸುಮಾರಿಗೆ ಕಾಲು ಸೋತು ಬೀಳತೊಡಗಿದವು. ಕೆಲವು ತಿಂಗಳ ನಂತರ ತಾವಾಗಿಯೇ ಚೇತರಿಸಿಕೊಂಡವು. ವಿಚಾರಿಸಿದರೆ, ಮಧ್ಯೆ ಅವಕ್ಕೆ ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯ ಪಾಲಿಶ್ ಅಕ್ಕಿಯ ಅನ್ನ ಬರುತ್ತಿತ್ತು. ಹೊಸದಾಗಿ ಬಂದ ಅಡುಗೆಯವನು, ಸೈನ್ಯದ ಅನ್ನ ಸೈನ್ಯಕ್ಕೆ ಸೇರದ ಕೋಳಿಗಳಿಗೇಕೆ ಎಂದು ಕೊಡುವುದನ್ನು ನಿಲ್ಲಿಸಿದ್ದ. ಮತ್ತೆ ಸಾದಾ ಅಕ್ಕಿ ತಿಂದ ಕೋಳಿಗಳು ಎದ್ದು ನಿಂತವು. ಒಬ್ಬ ಅಡುಗೆಯವನ ಕಟ್ಟುನಿಟ್ಟು ಆಹಾರ ವಿಜ್ಞಾನಕ್ಕೆ ಇಷ್ಟು ದೊಡ್ಡ ಉಪಕಾರ ಮಾಡಿದ ಉದಾಹರಣೆ ಬೇರೆ ಇರಲಾರದು.

ಐಕ್‌ಮನ್ ಅವರಿಗೂ ಅರ್ಥ ಪೂರ್ತಿ ಹೊಳೆಯಲಿಲ್ಲ. ಅಕ್ಕಿಯ ಪಿಷ್ಟದಲ್ಲೇ ವಿಷವಿದೆ, ತೌಡು ಅದನ್ನು ಶಮನ ಮಾಡುತ್ತದೆ ಎಂದು ಅವರು ಭಾವಿಸಿದ್ದರು. ಇರುವ ವಿಷದಿಂದಲ್ಲ, ಇಲ್ಲದ ವಸ್ತುವಿನಿಂದ ರೋಗ ಬರುತ್ತದೆ ಎಂಬುದನ್ನು 1901ರಲ್ಲಿ ಮುಂದಿಟ್ಟವರು ಅವರ ಉತ್ತರಾಧಿಕಾರಿ ಗೆರಿಟ್ ಗ್ರಿನ್ಸ್. 1912ರಲ್ಲಿ ಕಾಸಿಮಿರ್ ಫಂಕ್ ಇಂಥ ವಸ್ತುಗಳಿಗೆ 'ವಿಟಮಿನ್' ಎಂಬ ಹೆಸರಿಟ್ಟರು. ತೌಡಿನೊಡನೆ ಹೋಗುತ್ತಿದ್ದುದು ಬಿ1, ಅಂದರೆ ಥಯಮಿನ್. ಐಕ್‌ಮನ್ ಅವರಿಗೆ 1929ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಹೊಟ್ಟೆ ತುಂಬುವುದೇ ಒಂದು, ದೇಹ ತಣಿಯುವುದೇ ಇನ್ನೊಂದು ಎಂಬ ಮಾತಿಗೆ ಆಗ ಪುರಾವೆ ಸಿಕ್ಕಿತು. ಭಾರತದಲ್ಲೂ ಬೆರಿಬೆರಿ ಇತ್ತು. ಮಿಲ್ಲಿನ ಬೆಳ್ತಿಗೆ ಅಕ್ಕಿ ಉಣ್ಣುತ್ತಿದ್ದ ಆಂಧ್ರ ಕರಾವಳಿಯ ಜಿಲ್ಲೆಗಳಲ್ಲಿ ಅದರ ಕಾಟ ಹೆಚ್ಚು. ಕುದಿಸಿದ ಭತ್ತದ ಅಕ್ಕಿ ಉಣ್ಣುವ ಕಡೆ ಅದು ಅಪರೂಪ. ದಕ್ಷಿಣ ಕನ್ನಡ, ಉಡುಪಿಯ ಮನೆಗಳ ಕುಚ್ಚಲಕ್ಕಿ ಈ ಜಾತಿಯದು. ಭತ್ತವನ್ನು ನೆನೆಸಿ ಬೇಯಿಸುವಾಗ ಹೊರಪದರದ ಬಿ1 ನೀರಿನಲ್ಲಿ ಕರಗಿ ಕಾಳಿನ ಒಳಕ್ಕೆ ಇಳಿಯುತ್ತದೆ, ಆಮೇಲೆ ಮಿಲ್ಲಿಗೆ ಹಾಕಿದರೂ ಬಹುಪಾಲು ಅಲ್ಲೇ ಉಳಿಯುತ್ತದೆ. ಕರಾವಳಿಯವರು ತಿಳಿಯನ್ನು ಚೆಲ್ಲದೆ ಗಂಜಿಯಾಗಿಯೇ ಉಣ್ಣುವುದರಿಂದ ನೀರಿಗೆ ಇಳಿದದ್ದೂ ಹೊಟ್ಟೆಗೆ ಸೇರುತ್ತದೆ. ಯಾರೂ ವಿಟಮಿನ್ ಲೆಕ್ಕ ಹಾಕಿ ಈ ಪದ್ಧತಿ ಮಾಡಿದ್ದಲ್ಲ. ಆದರೂ ಅದು ಜನರನ್ನು ಕಾಪಾಡಿತು.

ಬಯಲುಸೀಮೆಯನ್ನು ಕಾಪಾಡಿದ್ದು ರಾಗಿ. ಕಾಳು ತೀರ ಸಣ್ಣದು, ಅಕ್ಕಿಯಂತೆ ತೌಡು ತೆಗೆಯುವುದು ಕಷ್ಟ, ಇಡಿಯಾಗಿಯೇ ಬೀಸಬೇಕು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ ಅದು 10ರ ಆಸುಪಾಸು. ಹಾಗೆಂದು ರಾಗಿಯನ್ನು ಸಂಜೀವಿನಿ ಮಾಡುವುದೂ ಸಲ್ಲ. 2023ರ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷದ ಸಡಗರದಲ್ಲಿ ಇದು ಕೊಂಚ ಮರೆತುಹೋಯಿತು. ಅಕ್ಕಿಯಂತೆ ರಾಗಿಯಲ್ಲೂ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಅದನ್ನು ತುಂಬಿಕೊಡುವುದು ಹುರುಳಿ, ಅವರೆ, ಅಲಸಂದೆ. ಮುದ್ದೆಗೆ ಬಸ್ಸಾರು, ಹುರುಳಿಸಾರು ಜೊತೆಯಾದದ್ದರಲ್ಲಿ ರುಚಿಯಷ್ಟೇ ಅಲ್ಲ, ಈ ಪೂರೈಕೆಯೂ ಇತ್ತು. ಬರೀ ಮುದ್ದೆ, ನೀರುಸಾರು ಉಂಡರೆ ಅದೂ ಅಸಮತೋಲನವೇ. ಇನ್ನು ಅಂಗಡಿಯ ರಾಗಿ ಬಿಸ್ಕತ್ತು! ಅನೇಕ ಪೊಟ್ಟಣಗಳ ಹಿಂಬದಿ ಓದಿದರೆ ಮೈದಾ, ಸಕ್ಕರೆಯೇ ಮುಂದೆ, ರಾಗಿ ಹಿಂದೆ.

ಬೆರಿಬೆರಿ ಈಗ ವಿರಳ. ಅದರ ಜಾಗಕ್ಕೆ ಬಂದದ್ದು ಸಕ್ಕರೆ ಕಾಯಿಲೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ನಾರು ಕಳೆದುಕೊಂಡ ಪಿಷ್ಟ ಬೇಗ ಜೀರ್ಣವಾಗಿ ಗ್ಲೂಕೋಸ್ ಆಗಿ ರಕ್ತಕ್ಕೆ ನುಗ್ಗುತ್ತದೆ. ಹೊಲದಲ್ಲಿ ದುಡಿಯುವ ಮೈ ಅದನ್ನು ಉರಿಸುತ್ತದೆ. ಕುರ್ಚಿಯಲ್ಲಿ ಕುಳಿತ ಮೈ ಹೊಟ್ಟೆಯ ಸುತ್ತ ಕೊಬ್ಬಾಗಿ ಕಟ್ಟಿಡುತ್ತದೆ. ಕೆಲಸ ಬದಲಾಯಿತು, ಅನ್ನದ ಪ್ರಮಾಣ ಬದಲಾಗಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ 2024ರ ಮಾರ್ಗಸೂಚಿ, ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇ. 45 ಮೀರಬಾರದು ಎನ್ನುತ್ತದೆ. ನಮ್ಮ ಬಹುತೇಕ ಊಟಗಳಲ್ಲಿ ಅದು ಇದಕ್ಕಿಂತ ಬಹಳ ಮೇಲಿದೆ.

ಇದಕ್ಕೆ ಹೊಸ ಅಡುಗೆ ಬೇಕಿಲ್ಲ, ಅಳತೆ ಬದಲಾಗಬೇಕು. ಅನ್ನ ಒಂದು ಸೌಟು ಇಳಿದು, ಪಲ್ಯ ಎರಡು ಸೌಟು ಏರಬೇಕು. ಕೋಸಂಬರಿ ಹಬ್ಬದ ಎಲೆಯ ತುದಿಯಿಂದ ದಿನದ ತಟ್ಟೆಗೆ ಬರಬೇಕು. ಮೊಳಕೆ ಬರಿಸಿದರೆ ಕಾಳಿನಲ್ಲೂ ರಾಗಿಯಲ್ಲೂ ಕಬ್ಬಿಣ ಹೀರುವಿಕೆಗೆ ಅಡ್ಡಬರುವ ಫೈಟೇಟ್ ಕಡಿಮೆಯಾಗುತ್ತದೆ. ಊಟದ ಜೊತೆ ನಿಂಬೆಹುಳಿ ಹಿಂಡಿದರೆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ, ಉಂಡ ಕೂಡಲೇ ಕಾಫಿ-ಚಹಾ ಕುಡಿದರೆ ಹತ್ತುವುದಿಲ್ಲ.

ಕಬ್ಬಿಣದ ಮಾತು ಸಣ್ಣದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಕ್ತಹೀನರು. ತಿಂಗಳ ಮುಟ್ಟು, ಹೆರಿಗೆ ಇದಕ್ಕೆ ಕಾರಣ. ಬಡಿಸುವ ಕ್ರಮವೂ ಕಾರಣ. ಎಷ್ಟೋ ಮನೆಗಳಲ್ಲಿ ಗಂಡಸರು, ಮಕ್ಕಳು ಉಂಡ ಮೇಲೆ ಹೆಂಗಸು ಕೂರುತ್ತಾಳೆ. ಅಷ್ಟು ಹೊತ್ತಿಗೆ ಪಲ್ಯ ಬೋಗುಣಿಯ ಅಂಚಿಗೆ ಅಂಟಿದಷ್ಟು, ಸಾರಿನ ಕಾಳು ಮೊದಲ ಸೌಟುಗಳಲ್ಲೇ ಹೋಗಿರುತ್ತದೆ. ಅವಳ ಪಾಲಿಗೆ ತಿಳಿ ಉಳಿದಿರುತ್ತದೆ, ಬೇಕಾದಷ್ಟು ಅನ್ನವೂ ಇರುತ್ತದೆ.